ಆಗಲ್ಲ ಅನ್ನುವ ಗಾಡಿ

ಒಂಬತ್ತು ಗಂಟೆಗೆ ಹೊರಡಬೇಕಾಗಿದ್ದ ಹೆಂಡತಿ ಹತ್ತೂವರೆಯಾದರೂ ಮನೆಯ ಮೆಟ್ಟಿಲ ಮೇಲೆಯೇ ಕೂತಿದ್ದಳು. ಮೈಮೇಲೆ ಹೊಸ ಬಟ್ಟೆ, ತೊಡೆಯ ಮೇಲೆ ಅಕ್ಕನ ಹೊಸ ಮನೆಗೆಂದು ತಂದ ಗೋಡೆ ಗಡಿಯಾರ. ಗಡಿಯಾರಕ್ಕೆ ಆಗಲೇ ಸೆಲ್ ಹಾಕಿದ್ದರಿಂದ ತಾನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ ಎಂಬುದು ಅವಳಿಗೆ ಸೆಕೆಂಡು ಸೆಕೆಂಡಿಗೂ ಕೇಳಿಸುತ್ತಿತ್ತು.

ಗಂಡ ಗೇಟಿನ ಬಳಿ ನಿಂತು ಬೀದಿಯ ತುದಿಯನ್ನೇ ನೋಡುತ್ತಿದ್ದರು. ಅವರ ಮೋಟರ್‌ಬೈಕನ್ನು ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಎಂಟು ಗಂಟೆಗೆ ‘ಹತ್ತೇ ನಿಮಿಷ’ ಎಂದು ತೆಗೆದುಕೊಂಡು ಹೋಗಿದ್ದರು. ಹೆಡ್‌ಮಾಸ್ಟರಾಗಿ ಮೂವತ್ತು ವರ್ಷ ಗಂಟೆ ಹೊಡೆಸಿದವರು ಅವರು. ಆದರೆ ಬೇರೆಯವರ ಗಾಡಿ ಹತ್ತಿದ ಮೇಲೆ ಅವರ ಹತ್ತು ನಿಮಿಷ ಹಿಟ್ಟಿನ ಹಾಗೆ ಉಬ್ಬುತ್ತಿತ್ತು.

ಗಾಡಿಯ ಯಜಮಾನರು ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರುವವರು. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವುದು ಅವರ ಅಭ್ಯಾಸ. ಅದರಿಂದಾಗಿ ಬೀದಿಯಲ್ಲಿ ಬೆನ್ನ ಹಿಂದೆ ಅವರಿಗೆ ಆಗಲಪ್ಪ ಎಂದೇ ಹೆಸರು. ‘ಆಗಲ್ಲ’ ಎನ್ನುವ ಆಸೆ ಅವರಿಗೂ ಇತ್ತು. ನಾಲಿಗೆ ‘ಆಗ’ ಎನ್ನುವವರೆಗೆ ಸರಿಯಾಗಿಯೇ ಹೊರಡುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರ ಮುಖ ಕಣ್ಣಿಗೆ ಬೀಳುತ್ತಿತ್ತು, ನಾಲಿಗೆ ದಾರಿ ತಪ್ಪಿ ‘ಲಿ’ ಎಂದು ಮುಗಿಸಿಬಿಡುತ್ತಿತ್ತು. ಪುಸ್ತಕಗಳ ವಿಷಯದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಪುಸ್ತಕಕ್ಕೆ ತಾರೀಕಿನ ಸೀಲು ಒತ್ತಿ ಕೊಟ್ಟರೆ ಹದಿನೈದು ದಿನಕ್ಕೆ ವಾಪಸ್ಸು ಬರುತ್ತದೆ. ಮೋಟರ್‌ಬೈಕಿಗೆ ಸೀಲು ಒತ್ತುವುದೆಲ್ಲಿ?

ಕೊನೆಗೆ ಹೆಡ್‌ಮಾಸ್ಟರು ಕಾಣಿಸಿಕೊಂಡರು. ಗಾಡಿಯ ಮೇಲಲ್ಲ, ಗಾಡಿಯ ಪಕ್ಕದಲ್ಲಿ. ತಳ್ಳಿಕೊಂಡು ಬರುತ್ತಿದ್ದರು.

"ಲೈಬ್ರರಿಯವರೇ, ಪೆಟ್ರೋಲ್ ಇಲ್ಲ ಅನ್ನೋದನ್ನ ಮೊದಲೇ ಹೇಳ್ಬಾರ್ದಾ? ತಳ್ಳೀ ತಳ್ಳೀ ನನ್ನ ಬೆನ್ನು ಬಿದ್ದೋಯ್ತು."

"ತಪ್ಪಾಯ್ತು ಸಾರ್," ಎಂದರು ಆಗಲಪ್ಪ.

ಹೆಂಡತಿ ಎದ್ದು ನಿಂತಳು. ಹೆಡ್‌ಮಾಸ್ಟರು ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು. ಅವಳು ಮೆಲ್ಲಗೆ ಮಾತಾಡಿದರೆ ಆಗಲಪ್ಪನವರಿಗೆ ಕೂಗಾಡಿದ್ದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

"ರೀ, ಈ ಗಾಡಿ ತಗೊಂಡು ಮೂರು ವರ್ಷ ಆಯ್ತು. ನಾನು ಇದರ ಮೇಲೆ ಕೂತಿದ್ದು ಹನ್ನೊಂದು ಸಲ. ನಮ್ಮ ಬೀದಿ ಕಾಂಪೌಂಡರ ಹೆಂಡತಿ ಎಷ್ಟು ಸಲ ಕೂತಿದಾರೋ ಲೆಕ್ಕ ಇಲ್ಲ. ಸೀಟಲ್ಲಿ ಬಿದ್ದಿರೋ ಗುಂಡಿ ನೋಡಿ, ಅದು ಅವರ ಅಳತೇದು. ನಾನು ಕೂತ್ರೆ ಬಾಣಲೇಲಿ ಕೂತ ಹಾಗಾಗುತ್ತೆ."

"ಇನ್ಮೇಲೆ ಹಾಗಾಗಲ್ಲ ಕಣೇ."

"ಆಗುತ್ತೆ. ನಿಮ್ಮ ಬಾಯಲ್ಲಿ ಆಗಲ್ಲ ಅನ್ನೋ ಮಾತು ಈ ಜನ್ಮದಲ್ಲಿ ಬರಲ್ಲ. ಗಾಡಿಯಾದ್ರೂ ಆಗಲ್ಲ ಅನ್ನೋ ಹಾಗೆ ಏನಾದ್ರೂ ಮಾಡಿಸಿ. ಇವತ್ತು ಹೇಗೂ ರಜೆ. ನಾನು ಸಂಜೆ ಬರ್ತೀನಿ."

ಹೀಗೆ ಹೇಳಿ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಗಡಿಯಾರದ ಟಿಕ್ ಟಿಕ್ ಬೀದಿಯ ತಿರುವಿನವರೆಗೂ ಕೇಳಿಸಿದಂತೆ ಆಗಲಪ್ಪನವರಿಗೆ ಭಾಸವಾಯಿತು.

ಗಾಡಿಯನ್ನು ಅವರು ಗ್ಯಾರೇಜಿಗೆ ತಳ್ಳಿಕೊಂಡೇ ಹೋದರು. ಗ್ಯಾರೇಜೆಂದರೆ ಒಂದು ಉದ್ದನೆಯ ಶೆಡ್ಡು, ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಸ್ಪಾನರುಗಳು. ಮೆಕ್ಯಾನಿಕ್ ಒಬ್ಬನೇ. ಒಂದು ಸ್ಕೂಟರಿನ ಪಂಕ್ಚರ್ ಹಾಕುತ್ತ ಕೂತಿದ್ದ. ಇಪ್ಪತ್ತು ವರ್ಷದಿಂದ ಅವನು ಹಾಕಿದ್ದು ಹೆಚ್ಚಿನಂಶ ಪಂಕ್ಚರೇ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಏನಾಗಿದೆ ಸಾರ್ ಗಾಡಿಗೆ?"

"ಗಾಡಿಗೆ ಏನೂ ಆಗಿಲ್ಲಪ್ಪ. ಇದನ್ನ ಯಾರೂ ಕೇಳಬಾರದು, ಹಾಗೆ ಮಾಡಿಕೊಡು."

"ಕೆಡಿಸ್ಬೇಕಾ?"

"ಕೆಡಿಸೋದಲ್ಲ. ನಾನು ಓಡಿಸ್ಬೇಕು, ನನ್ನ ಹೆಂಡತಿ ಕೂರ್ಬೇಕು. ಉಳಿದವರು ನೋಡಿದ ಕೂಡಲೇ ಬೇಡಪ್ಪ ಅನ್ನಬೇಕು. ಹ್ಯಾಂಡಲ್, ಸೀಟು, ಬಣ್ಣ ಏನು ಬೇಕಾದ್ರೂ ಬದಲಾಯಿಸು."

ಮೆಕ್ಯಾನಿಕ್ ಪಂಕ್ಚರಿನ ಟ್ಯೂಬನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಇನ್ನೊಂದು ಸಲ ಒರೆಸಿಕೊಂಡ. ಆಮೇಲೆ ಏರ್ ಕಂಪ್ರೆಸರಿನ ಹಿಂದಿನಿಂದ ಒಂದು ನೋಟ್‌ಬುಕ್ ತೆಗೆದ. ಹಾಳೆ ಹಾಳೆಯಲ್ಲೂ ಪೆನ್ಸಿಲಿನಲ್ಲಿ ಬಿಡಿಸಿದ ಮೋಟರ್‌ಬೈಕುಗಳು. ಒಂದಕ್ಕೆ ಹದ್ದಿನ ಮೂತಿ, ಒಂದಕ್ಕೆ ಮೀನಿನ ಬಾಲ, ಒಂದು ಥೇಟು ಹಾರಲು ಹೊರಟ ಮಿಡತೆ.

"ಇಪ್ಪತ್ತು ವರ್ಷ ಸಾರ್," ಎಂದ ಅವನು, ಗದ್ಗದವಾಗಿ. "ಯಾರಾದ್ರೂ ಬಂದು ಏನು ಬೇಕಾದ್ರೂ ಬದಲಾಯಿಸು ಅಂತಾರೇನೋ ಅಂತ ಇಪ್ಪತ್ತು ವರ್ಷದಿಂದ ಕಾದೆ. ಈಗ ಹೇಳಿ, ಯಾರ್ಯಾರು ಕೇಳ್ತಾರೆ?"

ಡಾಕ್ಟರ ಮುಂದೆ ಕಾಯಿಲೆ ಹೇಳಿಕೊಳ್ಳುವಂತೆ ಆಗಲಪ್ಪ ಒಂದೊಂದಾಗಿ ಹೇಳಿದರು. ಬೆನ್ನುನೋವಿನ ಹೆಡ್‌ಮಾಸ್ಟರು ಒಬ್ಬರು. ಬಟ್ಟೆ ಗಂಟುಗಳನ್ನು ಹೇರಿಕೊಂಡು ಹೋಗುವ ಪಕ್ಕದ ಮನೆಯ ದರ್ಜಿ ಒಬ್ಬರು. ಹೆಂಡತಿಯನ್ನು ಕೂರಿಸಿಕೊಂಡು ಸವಾರಿ ಹೋಗುವ ಆಸ್ಪತ್ರೆಯ ಕಾಂಪೌಂಡರು ಒಬ್ಬರು.

ಮೆಕ್ಯಾನಿಕ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಗಾಡಿಯ ಸುತ್ತ ಎರಡು ಸುತ್ತು ಬಂದ.

"ಹೆಡ್‌ಮಾಸ್ಟರಿಗೆ ತಗ್ಗು ಹ್ಯಾಂಡಲ್. ಹಿಡೀಬೇಕಾದ್ರೆ ನೆಲದ ಮೇಲೆ ಬಿದ್ದ ಕಾಸು ಹುಡುಕೋರ ಹಾಗೆ ಬಗ್ಗಬೇಕು. ದರ್ಜಿಗೆ, ಕ್ಯಾರಿಯರೇ ಇಲ್ಲ. ಕಾಂಪೌಂಡರಿಗೆ ಒಂಟಿ ಸೀಟು."

"ಮತ್ತೆ ನನ್ನ ಹೆಂಡತಿ?"

"ಹಿಂದಿನ ಸೀಟು ಬೇರೆ ಮಾಡಿಕೊಡ್ತೀನಿ. ಎರಡೇ ನಟ್ಟು. ಅಮ್ಮಾವ್ರು ಹೊರಡೋವಾಗ ಹಾಕ್ಕೊಳ್ಳಿ, ಬಂದ ಮೇಲೆ ಬಿಚ್ಚಿ ಬೀರುವಲ್ಲಿಟ್ಟು ಬೀಗ ಹಾಕಿ. ಸೈಲೆನ್ಸರ್ ಸ್ವಲ್ಪ ಗುಡುಗೋ ಹಾಗೆ ಮಾಡೋಣ. ಮೇಲಿಂದ ಟ್ಯಾಂಕಿಗೆ ಬೆಂಕಿ."

"ಬೆಂಕಿ?"

"ಪೇಂಟಲ್ಲಿ ಸಾರ್."

ಆಗಲಪ್ಪನವರ ಎದೆ ಹಗುರಾಯಿತು. ತಾವು ಬಗ್ಗಿಕೊಂಡು, ಬೆಂಕಿಯ ಮೇಲೆ ಕೂತು, ಗುಡುಗುತ್ತ ಗ್ರಂಥಾಲಯಕ್ಕೆ ಹೋಗುವ ಚಿತ್ರ ಕಣ್ಣ ಮುಂದೆ ಬಂತು. ಅಲ್ಲಿ ಗೋಡೆಯ ಮೇಲೆ ‘ಸದ್ದು ಮಾಡಬೇಡಿ’ ಎಂದು ಬರೆದಿರುವುದು ಗಾಡಿಗೆ ಅನ್ವಯಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡರು.

ಹನ್ನೆರಡು ಗಂಟೆಯ ಹೊತ್ತಿಗೆ ಗಾಡಿ ಬಿಚ್ಚಿಹೋಗಿತ್ತು. ಸೀಟು ಒಂದು ಕಡೆ, ಕ್ಯಾರಿಯರ್ ಒಂದು ಕಡೆ. ಹ್ಯಾಂಡಲ್ ಕಳಚಿದ ಜಾಗದಲ್ಲಿ ವೈರುಗಳು ಕರುಳಿನ ಹಾಗೆ ಜೋತುಬಿದ್ದಿದ್ದವು. ಟ್ಯಾಂಕಿನ ಹಳೇ ಕಪ್ಪು ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ತೆಗೆದು, ಬೇಗ ಒಣಗುವ ಪ್ರೈಮರ್ ಬಳಿದು ಮೆಕ್ಯಾನಿಕ್ ಬಿಸಿಲಿಗಿಟ್ಟಿದ್ದ. ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಬಾಗಿಲಲ್ಲಿ ಹೆಡ್‌ಮಾಸ್ಟರು ಬಂದು ನಿಂತರು.

"ಮನೆ ಹತ್ರ ಗಾಡಿ ಕಾಣಿಸ್ಲಿಲ್ಲ. ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕಿತ್ತು," ಎನ್ನುತ್ತ ಒಳಗೆ ಬಂದವರು ಗಾಡಿಯ ಸ್ಥಿತಿ ಕಂಡು ಗಕ್ಕನೆ ನಿಂತರು. "ಏನಿದು?"

ಮೆಕ್ಯಾನಿಕ್ಕೇ ಉತ್ತರ ಕೊಟ್ಟ. "ಹ್ಯಾಂಡಲ್ ಬದಲಾಯಿಸ್ತಿದೀವಿ."

ಹೆಡ್‌ಮಾಸ್ಟರು ಹ್ಯಾಂಡಲ್ಲಿಲ್ಲದ ಗಾಡಿಯನ್ನು ನೋಡಿದರು, ಆಗಲಪ್ಪನವರನ್ನು ನೋಡಿದರು. ಅವರ ಬಿಗಿದ ಮುಖ ನಿಧಾನವಾಗಿ ಕರಗಿತು. ಮೂವತ್ತು ವರ್ಷ ಮಕ್ಕಳು ಕಾಣದಿದ್ದ ಮುಖ ಅದು.

"ಬೆಳಿಗ್ಗೆ ಬೆನ್ನು ಬಿದ್ದೋಯ್ತು ಅಂದೆ. ಮಧ್ಯಾಹ್ನದ ಹೊತ್ತಿಗೆ ಹ್ಯಾಂಡಲ್ ಬದಲಾಯಿಸೋಕೆ ಬಂದಿದೀರಿ. ನನ್ನ ಸ್ವಂತ ಮಗ ಇದನ್ನ ಮಾಡ್ತಿರಲಿಲ್ಲ. ಎತ್ತರದ ಹ್ಯಾಂಡಲ್ ತಾನೇ ಹಾಕಿಸ್ತಿರೋದು, ನೆಟ್ಟಗೆ ಕೂತು ಹಿಡಿಯೋ ಅಂಥದ್ದು?"

ಮೆಕ್ಯಾನಿಕ್ ಆಗಲಪ್ಪನವರನ್ನು ನೋಡಿದ. ಆಗಲಪ್ಪ ನೆಲ ನೋಡಿದರು. ನಾಲಿಗೆ ‘ಆಗ’ ಎಂದು ಹೊರಟಿತು. ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ಕಂಡಿತು.

"...ಲಿ," ಎಂದರು ಆಗಲಪ್ಪ.

ತಗ್ಗು ಹ್ಯಾಂಡಲ್ ಮೂಲೆಗೆ ಹೋಯಿತು. ಗುಜರಿ ರಾಶಿಯಿಂದ ಕೋಣನ ಕೊಂಬಿನಂಥ ಒಂದು ಹ್ಯಾಂಡಲ್ ಬಂತು. ಹೆಡ್‌ಮಾಸ್ಟರು ಆರಡಿ ಎತ್ತರ. ಅವರ ಮೊಣಕಾಲು ಮಡಚದಂತೆ ಸೀಟಿನ ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟು ಗೇಣುದ್ದ ಎತ್ತರಿಸಿದ್ದೂ ಆಯಿತು. ಅವರು ಹಲ್ಲಿನ ಡಾಕ್ಟರನ್ನು ಮರೆತು ಒಂದು ಟೈರಿನ ಮೇಲೆ ಕೂತು ಉಸ್ತುವಾರಿಗೆ ಶುರುಮಾಡಿದರು.

ಒಂದು ಗಂಟೆಗೆ ದರ್ಜಿ ಬಂದರು. ಕೊರಳಲ್ಲಿ ಅಳತೆಯ ಟೇಪು, ಎರಡೂ ಕಂಕುಳಲ್ಲಿ ಹೊಲಿದ ಶಾಲಾ ಸಮವಸ್ತ್ರದ ಗಂಟುಗಳು. ಕ್ಯಾರಿಯರ್ ಕೆಳಗೆ ಬಿದ್ದಿರುವುದನ್ನು ಕಂಡು ಅವರ ಮುಖ ಸೂಜಿ ಚುಚ್ಚಿದಂತಾಯಿತು.

"ಕ್ಯಾರಿಯರ್ ಯಾಕೆ ಕಿತ್ತಿದೀರಿ ಸಾರ್?"

"ದೊಡ್ಡದು ಹಾಕಿಸೋಕೆ," ಎಂದು ಹೆಡ್‌ಮಾಸ್ಟರೇ ಹೇಳಿಬಿಟ್ಟರು. "ಲೈಬ್ರರಿಯವರ ಮನಸ್ಸು ನಿಮಗಿನ್ನೂ ಗೊತ್ತಿಲ್ಲ. ನನ್ನ ಬೆನ್ನಿಗೇ ಇಷ್ಟು ಮಾಡಿದವರು ನಿಮ್ಮ ಗಂಟನ್ನ ಬಿಡ್ತಾರಾ?"

ದರ್ಜಿ ಟೇಪನ್ನು ಕೊರಳಿಂದ ತೆಗೆದು ಗಾಡಿಯ ಅಳತೆ ತೆಗೆದುಕೊಳ್ಳತೊಡಗಿದರು. "ಸೊಂಟ ಮೂವತ್ತೆರಡು. ಉದ್ದ ಐವತ್ತು. ಈ ಕಡೆಗೊಂದು ಪೆಟ್ಟಿಗೆ, ಆ ಕಡೆಗೊಂದು ಪೆಟ್ಟಿಗೆ ಇಟ್ರೆ ನೂರು ಅಂಗಿ ಆರಾಮಾಗಿ ಕೂರುತ್ತೆ. ಏನಂತೀರಿ ಸಾರ್?"

ಆಗಲಪ್ಪ ಈ ಸಲ ದರ್ಜಿಯ ಮುಖ ನೋಡಬಾರದೆಂದು ಸೂರು ನೋಡಿದರು. ಆದರೆ ದರ್ಜಿ ಅವರ ಎರಡೂ ಕೈ ಹಿಡಿದುಕೊಂಡಿದ್ದರು. ವರ್ಷಗಟ್ಟಲೆ ಕತ್ತರಿ ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಆ ಕೈಗಳಲ್ಲಿ ಕೈಯಿಟ್ಟುಕೊಂಡು ಆಗಲ್ಲ ಎನ್ನಲು ಕಲ್ಲೆದೆಯೇ ಬೇಕಿತ್ತು.

ಪೆಟ್ಟಿಗೆಗಳು ಬಂದವು. ದರ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ಸೀಟಿನ ಕವರ್ ತಾವೇ ಹೊಲಿದುಕೊಡುವುದಾಗಿ ಹಟ ಹಿಡಿದು, ಅಂಗಡಿಗೆ ಓಡಿಹೋಗಿ, ಸಮವಸ್ತ್ರದಲ್ಲಿ ಉಳಿದಿದ್ದ ನೀಲಿ ಚೌಕಳಿ ಬಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಹೊಲಿದು ತಂದರು. ಬದಿಯಲ್ಲಿ ಒಂದು ಜೇಬನ್ನೂ ಇಟ್ಟಿದ್ದರು.

ಮೆಕ್ಯಾನಿಕ್ ಟ್ಯಾಂಕನ್ನು ಎತ್ತಿಕೊಂಡು ಶೆಡ್ಡಿನ ಹಿಂಭಾಗಕ್ಕೆ ಹೋದ. ತನ್ನ ಕನಸಿನಲ್ಲಿ ಉಳಿದಿದ್ದ ಏಕೈಕ ತುಂಡು ಅದು. ಪಕ್ಕಗಳಿಗೆ ಕಾಗದ ಅಂಟಿಸಿ, ಸ್ಪ್ರೇ ಗನ್ ಹಿಡಿದು, ಉಸಿರು ಬಿಗಿಹಿಡಿದು, ಎಡಮಗ್ಗುಲ ಮೇಲೆ ಕೆಂಪು, ಕಿತ್ತಳೆ, ಹಳದಿ ನಾಲಿಗೆಗಳ ಬೆಂಕಿಯೊಂದನ್ನು ಹಚ್ಚಿದ. ನಿಜವಾಗಿಯೂ ಚೆನ್ನಾಗಿತ್ತು. ಆಗಲಪ್ಪ ಅದನ್ನು ನೋಡಿ, ಇವನು ಪಂಕ್ಚರ್ ಹಾಕುತ್ತ ಕೂತದ್ದು ಅನ್ಯಾಯ ಎಂದುಕೊಂಡರು.

ಬಲಮಗ್ಗುಲಿಗೆ ಕೈಹಾಕುವಷ್ಟರಲ್ಲಿ ಕಾಂಪೌಂಡರು ಹೆಂಡತಿಯನ್ನು ಕರೆದುಕೊಂಡು ಬಂದರು. ಬೀದಿಯಲ್ಲಿ ಆಗಲೇ ಸುದ್ದಿ ಹರಡಿತ್ತು.

"ಅಣ್ಣಾ, ನಮಗೋಸ್ಕರ ಸೀಟು ಅಗಲ ಮಾಡಿಸ್ತಿದೀರಂತೆ," ಎಂದರು ಕಾಂಪೌಂಡರ ಹೆಂಡತಿ. "ಹೋದ ಜನ್ಮದಲ್ಲಿ ನೀವು ನನಗೆ ಏನಾಗಿದ್ರೋ."

ಆಗಲಪ್ಪ ‘ಆಗಲಿ’ ಅನ್ನುವ ಅಗತ್ಯವೂ ಬೀಳಲಿಲ್ಲ. ಆಕೆ ಆಗಲೇ ಸೀಟಿನ ಮೇಲೆ ಕೂತು ನೋಡಿ, ಅಂಗೈಯಷ್ಟು ಅಗಲ ಸಾಲದು ಎಂದು ತೋರಿಸಿ, ಬೆನ್ನಿಗೆ ಒರಗು ಬೇಕೆಂದು ಹೇಳಿ ಆಗಿತ್ತು. ಕಾಂಪೌಂಡರು ಸೀಸೆಯಿಂದ ಪೆಟ್ರೋಲ್ ಬಿಡಿಸಿ ಗಾಡಿಯನ್ನು ಸ್ಟಾರ್ಟ್ ಮಾಡಿಸಿ, ರೋಗಿಯ ಎದೆ ಪರೀಕ್ಷಿಸುವಂತೆ ಸೈಲೆನ್ಸರಿಗೆ ಕಿವಿಯಿಟ್ಟು, "ಇದು ಆಸ್ಪತ್ರೆ ಮುಂದೆ ನಿಲ್ಲೋ ಗಾಡಿ ಸಾರ್. ಇಷ್ಟು ಕೆಮ್ಮಬಾರದು," ಎಂದರು. ಗುಡುಗಬೇಕಾಗಿದ್ದ ಸೈಲೆನ್ಸರ್ ಬೆಕ್ಕು ನಿದ್ದೆಯಲ್ಲಿ ಉಸಿರಾಡುವಷ್ಟು ಮೆತ್ತಗಾಯಿತು.

ಆಮೇಲೆ ಬಣ್ಣದ ಜಗಳ. ಬೆಂಕಿಯನ್ನು ಕಂಡು ಹೆಡ್‌ಮಾಸ್ಟರು ಹೌಹಾರಿದರು. "ಇದರ ಮೇಲೆ ನಾನು ಹೇಗೆ ಹೋಗ್ಲಿ? ನನ್ನ ಹಳೇ ವಿದ್ಯಾರ್ಥಿಗಳು ನೋಡಿದ್ರೆ ಏನಂದ್ಕೋತಾರೆ? ಕೆನೆ ಬಣ್ಣ ಬಳೀರಿ," ಎನ್ನುತ್ತ ಟ್ಯಾಂಕಿನ ಹತ್ತಿರ ಬಗ್ಗಿದರು. ಎದ್ದಾಗ ಅವರ ಬಿಳಿಯ ಅಂಗಿಯ ಹೊಟ್ಟೆಯ ಮೇಲೆ ಒಂದು ಜ್ವಾಲೆ ಅಂಟಿಕೊಂಡಿತ್ತು. ಟ್ಯಾಂಕಿನ ಮೇಲಿದ್ದುದಕ್ಕಿಂತ ಅಲ್ಲಿಯೇ ಅದು ಸಹಜವಾಗಿ ಕಾಣುತ್ತಿತ್ತು.

ಮೆಕ್ಯಾನಿಕ್ ಸ್ಪ್ರೇ ಗನ್ನನ್ನು ಎದೆಗೆ ಅವುಚಿಕೊಂಡ. "ಸಾರ್, ಹ್ಯಾಂಡಲ್ ತಗೊಂಡ್ರಿ. ಸೀಟು ತಗೊಂಡ್ರಿ. ಸೈಲೆನ್ಸರ್ ತಗೊಂಡ್ರಿ. ಈ ಬೆಂಕಿ ಮೇಲೆ ಬೇರೆ ಬಣ್ಣ ಬಳಿಯೋದಾದ್ರೆ ಮೊದಲು ನನ್ನ ಮೇಲೆ ಬಳೀರಿ."

ಕೊನೆಗೆ ರಾಜಿಯಾಯಿತು. ಎಡಕ್ಕೆ ಬೆಂಕಿ ಇದ್ದ ಹಾಗೇ ಇರುವುದು, ಬಲಕ್ಕೆ ಕೆನೆ ಬಣ್ಣ. ಹಿಂದಿನ ಮಡ್‌ಗಾರ್ಡಿನ ಮೇಲೆ ಹೆಡ್‌ಮಾಸ್ಟರು ತಮ್ಮ ದುಂಡಗಿನ ಬೋರ್ಡಿನ ಅಕ್ಷರದಲ್ಲಿ ‘ನಿಧಾನವಾಗಿ ಚಲಿಸಿರಿ’ ಎಂದು ಬರೆದರು. ಗಾಡಿ ಒಂದು ಕಡೆಯಿಂದ ಸರ್ಕಸ್ಸಿನಂತೆಯೂ ಇನ್ನೊಂದು ಕಡೆಯಿಂದ ಹಾಲಿನ ಡೈರಿಯಂತೆಯೂ ಕಾಣುತ್ತಿತ್ತು.

ಬಣ್ಣ ಒಣಗುವವರೆಗೆ ನೆರೆಯವರೆಲ್ಲ ಶೆಡ್ಡಿನ ಮೂಲೆಯಲ್ಲಿ ತಲೆಗೆ ತಲೆ ಸೇರಿಸಿ ಏನೋ ಗುಸುಗುಸು ನಡೆಸಿದರು. ಕಾಂಪೌಂಡರು ಔಷಧಿ ಚೀಟಿಯ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದರು. ‘ನಾಳೆ ಬೆಳಿಗ್ಗೆ’, ‘ಮೂರೂ ಮನೆಯವರು’ ಎಂಬ ಮಾತುಗಳು ಆಗಲಪ್ಪನವರ ಕಿವಿಗೆ ಬಿದ್ದವು. ಗಾಡಿಯನ್ನು ವಾರದ ದಿನಗಳ ಪ್ರಕಾರ ಹಂಚಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ತಮಗೆ ಭಾನುವಾರವಾದರೂ ಸಿಕ್ಕೀತೇ ಎಂದು ಚಿಂತಿಸುತ್ತ, ಮೆಕ್ಯಾನಿಕ್ ಟ್ಯಾಂಕಿಗೆ ಪೆಟ್ರೋಲ್ ಸುರಿದ ಮೇಲೆ ಗಾಡಿ ಹತ್ತಿದರು.

ಹತ್ತಿದ ಮೇಲೆ ಗೊತ್ತಾಯಿತು, ಕಾಲು ನೆಲಕ್ಕೆ ಎಟಕುವುದಿಲ್ಲ. ಆರಡಿ ಹೆಡ್‌ಮಾಸ್ಟರಿಗೆ ಹೊಂದಿಸಿದ ಸೀಟಿನ ಮೇಲೆ ಐದಡಿಯ ಆಗಲಪ್ಪ, ತೊಟ್ಟಿಲ ಕೂಸಿನ ಹಾಗೆ ಕಾಲಾಡಿಸುತ್ತ ಕೂತರು. ಎತ್ತರದ ಹ್ಯಾಂಡಲ್ ಹಿಡಿದರೆ ಎರಡೂ ಕೈ ಮೇಲಕ್ಕೆ. ಪೊಲೀಸರಿಗೆ ಶರಣಾಗಲು ಹೊರಟವರಂತೆ ಕಾಣುತ್ತಿದ್ದರು.

"ಓಡ್ತಿರೋವಾಗ ಏನೂ ತೊಂದರೆ ಇಲ್ಲ ಸಾರ್," ಎಂದ ಮೆಕ್ಯಾನಿಕ್ ಕನಿಕರದಿಂದ. "ನಿಲ್ಲಿಸೋಕೆ ಹೋಗ್ಬೇಡಿ."

ನಡುರಸ್ತೆಯ ವೃತ್ತದಲ್ಲಿ ಕೆಂಪು ದೀಪ ಬಿತ್ತು. ನಿಲ್ಲಿಸುವಂತಿಲ್ಲ. ಆಗಲಪ್ಪ ವೃತ್ತವನ್ನೇ ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು. ರಸ್ತೆಯಂಚಿನಲ್ಲಿ ನಿಂತಿದ್ದ ಪೊಲೀಸಿನವ ತನ್ನ ಹತ್ತಿರ ಹಾದುಹೋಗುವಾಗ ಬೆಂಕಿಯ ಗಾಡಿಯನ್ನು ಕಂಡ. ಅದು ವೃತ್ತದ ಆಚೆ ಬದಿಯಲ್ಲಿ ತಿರುಗುವಾಗ ಕೆನೆ ಬಣ್ಣದ ಗಾಡಿಯನ್ನು ಕಂಡ. ಇವು ಎರಡು ಬೇರೆ ಗಾಡಿಗಳೆಂದು ತಿಳಿದು, ಯಾವುದನ್ನು ಹಿಡಿಯಬೇಕೆಂದು ನಿರ್ಧರಿಸುವಷ್ಟರಲ್ಲಿ ಹಸಿರು ದೀಪ ಬಂತು.

ಮನೆಯ ಮುಂದೆ ನಿಲ್ಲಿಸಲು ಬೇರೆ ದಾರಿಯಿರಲಿಲ್ಲ. ವೇಗ ತಗ್ಗಿಸಿ, ಗೇಟಿನ ಪಕ್ಕದ ದೀಪದ ಕಂಬಕ್ಕೆ ಗುರಿಯಿಟ್ಟು, ಹತ್ತಿರ ಬಂದೊಡನೆ ಎರಡೂ ಕೈಯಲ್ಲಿ ತಬ್ಬಿಕೊಂಡರು. ಹೆಂಡತಿ ಬಸ್ಸಿಳಿದು ಬಂದಾಗ ಅವರು ಇನ್ನೂ ಕಂಬವನ್ನು ತಬ್ಬಿಕೊಂಡೇ ಇದ್ದರು. ಬಿಟ್ಟರೆ ಬೀಳುವ ಭಯ.

ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಹ್ಯಾಂಡಲ್ ನೋಡಿದಳು, ಪೆಟ್ಟಿಗೆ ನೋಡಿದಳು, ಅಗಲವಾದ ಸೀಟನ್ನೂ ಒರಗನ್ನೂ ಮುಟ್ಟಿ ನೋಡಿದಳು.

"ಹ್ಯಾಂಡಲ್ ಹೆಡ್‌ಮಾಸ್ಟರದ್ದು. ಪೆಟ್ಟಿಗೆ ದರ್ಜಿಯವರದ್ದು. ಸೀಟು ಆಕೇದು," ಎಂದಳು. "ಇದರಲ್ಲಿ ನಮ್ಮದು ಯಾವುದು?"

ಆಗಲಪ್ಪ ಯೋಚಿಸಿದರು. "ನಂಬರ್ ಪ್ಲೇಟು."

ಅವಳು ಅವರನ್ನು ಇಳಿಸಿ ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಅಳುತ್ತಾಳೆಂದು ಅವರು ಹೆದರಿದ್ದರು. ಅವಳು ಅಳಲಿಲ್ಲ. ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು.

"ಅಕ್ಕನ ಮನೇಲಿ ಭಾವ ಕೇಳಿದ್ರು, ಇಬ್ಬರೂ ಒಟ್ಟಿಗೆ ಯಾಕೆ ಬರ್ಲಿಲ್ಲ ಅಂತ. ನಿಮಗೆ ಜ್ವರ ಅಂತ ಸುಳ್ಳು ಹೇಳ್ದೆ. ಇನ್ನೊಂದು ಸಲ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ ರೀ. ಅವರು ನಾಳೇಗೆ ಗಾಡಿ ಕೇಳೋಕೆ ಈಗ ಬಂದೇ ಬರ್ತಾರೆ. ನೀವು ಹೇಳ್ಲೇಬೇಕು. ಎಲ್ಲಿ, ಹೇಳಿ ನೋಡೋಣ. ಆಗಲ್ಲ."

"ಆಗ... ಲ."

"ಲ ಅಲ್ಲ. ಲ್ಲ. ಒತ್ತಕ್ಷರ. ನಾಲಿಗೆ ಮೇಲೆ ಹಚ್ಚಿ ಒತ್ತಬೇಕು."

"ಮುಖ ನೋಡಿದ್ರೆ ಬರಲ್ಲ ಕಣೇ."

"ಹಾಗಾದ್ರೆ ಕಣ್ಣು ಮುಚ್ಕೊಳ್ಳಿ."

ಆಗಲಪ್ಪ ಕಣ್ಣು ಮುಚ್ಚಿದರು. ಆಗಲ್ಲ ಎಂದರು. ಇನ್ನೊಂದು ಸಲ ಎಂದರು. ಆಶ್ಚರ್ಯವೆಂದರೆ ಬಂತು. ನಲವತ್ತೆರಡು ವರ್ಷ ಎಲ್ಲಿ ಅಡಗಿತ್ತೋ, ಇಪ್ಪತ್ತು ಸಲ ಹೇಳುವ ಹೊತ್ತಿಗೆ ತಾನಾಗಿ ಉರುಳಿ ಬರತೊಡಗಿತು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಯಿತು. ಹೆಂಡತಿಯ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ನಗು ಕಂಡಿತು.

ಆರೂವರೆಗೆ ಬಾಗಿಲು ಬಡಿದ ಸದ್ದಾಯಿತು. ಹೆಡ್‌ಮಾಸ್ಟರು, ದರ್ಜಿ, ಕಾಂಪೌಂಡರು ಮೂವರೂ ಒಟ್ಟಿಗೆ ಒಳಗೆ ಬಂದರು. ಹೆಡ್‌ಮಾಸ್ಟರು ಬೇರೆ ಅಂಗಿ ತೊಟ್ಟಿದ್ದರು. ಕಾಂಪೌಂಡರ ಕೈಯಲ್ಲಿ ಅದೇ ಔಷಧಿ ಚೀಟಿ ಇತ್ತು. ಅದನ್ನು ಕಂಡೊಡನೆ ಆಗಲಪ್ಪ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, ಶಾಲೆಯ ವಾರ್ಷಿಕೋತ್ಸವದ ಧಾಟಿಯಲ್ಲಿ ಶುರುಮಾಡಿದರು. ಆಗಲಪ್ಪನವರಿಗೆ ಒಂದು ವಾಕ್ಯವೂ ಪೂರ್ತಿ ಕೇಳಿಸಲಿಲ್ಲ. ಮನಸ್ಸೆಲ್ಲ ಒತ್ತಕ್ಷರದ ಮೇಲೆ. ಬಾಯಲ್ಲಿ ತುಂಬು ಗುಟುಕಿನ ಹಾಗೆ ಆ ಒಂದು ಮಾತು, ಚೆಲ್ಲಿಹೋಗದಂತೆ ಹಿಡಿದಿಟ್ಟುಕೊಂಡಿದ್ದರು. ‘ನಿಮ್ಮ ಗಾಡಿ’ ಎಂಬುದು ಕೇಳಿತು. ‘ನಾಳೆ ಬೆಳಿಗ್ಗೆಯಿಂದಲೇ’ ಎಂಬುದು ಕೇಳಿತು. ‘ಮೂವರೂ ಮಾತಾಡ್ಕೊಂಡು’ ಎಂಬುದು ಕೇಳಿತು. ಕೊನೆಗೆ ಮಾತು ನಿಂತು, "ಏನಂತೀರಿ?" ಎಂಬುದು ಸ್ಪಷ್ಟವಾಗಿ ಕೇಳಿತು.

"ಆಗಲ್ಲ," ಎಂದರು ಆಗಲಪ್ಪ.

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿ "ರೀ" ಎಂದು ಏನೋ ಹೇಳಹೊರಟಳು. ಆಗಲಪ್ಪ ಅಂಗೈ ಎತ್ತಿ ತಡೆದರು. ತಡೆದದ್ದು ಅವರಿಗೇ ಹಿತವಾಯಿತು.

"ಬೇಡ ಅಂತೀರಾ?" ಎಂದು ಹೆಡ್‌ಮಾಸ್ಟರು ನಡುಗುವ ದನಿಯಲ್ಲಿ ಕೇಳಿದರು.

"ಬೇಡ ಅಂದ್ರೆ ಬೇಡ. ಆಗಲ್ಲ ಅಂದ್ರೆ ಆಗಲ್ಲ. ಇದರ ಮೇಲೆ ಮಾತಿಲ್ಲ." ಇಷ್ಟು ಹೇಳಿ ಆಗಲಪ್ಪ ಕಣ್ಣು ಬಿಟ್ಟರು.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ದರ್ಜಿ ಮುಖ ಆ ಕಡೆ ತಿರುಗಿಸಿ ನಿಂತಿದ್ದರು.

"ನಾನು ಹೇಳ್ಲಿಲ್ವಾ," ಎಂದರು ಹೆಡ್‌ಮಾಸ್ಟರು ಉಳಿದಿಬ್ಬರ ಕಡೆ ತಿರುಗಿ. "ಇವರು ಒಪ್ಪಲ್ಲ ಅಂತ ಆಗ್ಲೇ ಹೇಳಿದ್ದೆ. ಮೂರು ವರ್ಷದಿಂದ ಇವರ ಗಾಡೀನ ನಮ್ಮದೇ ಅನ್ನೋ ಹಾಗೆ ಓಡಾಡಿಸಿದ್ವಿ. ಇವತ್ತು ಇವರು ರಜಾ ದಿನಾನೂ ಬಿಟ್ಟು, ತಮ್ಮ ಕಾಲು ನೆಲಕ್ಕೆ ಎಟಕದೇ ಇದ್ರೂ ಪರವಾಗಿಲ್ಲ ಅಂತ, ನಮ್ಮ ಅನುಕೂಲ ನೋಡಿದ್ರು. ನಮಗೇ ನಾಚಿಕೆ ಆಯ್ತು. ಅದಕ್ಕೇ ಮೂವರೂ ಸೇರಿ ಚಪ್ಪಲಿ ಅಂಗಡಿಯವರ ಹಳೇ ಸ್ಕೂಟರ್ ತಗೊಂಡು, ನಾಳೆಯಿಂದ ನ್ಯಾಯವಾಗಿ ಅದರಲ್ಲೇ ಓಡಾಡೋಣ, ಇವರ ಗಾಡಿ ಮುಟ್ಟೋದೇ ಬೇಡ ಅಂದ್ಕೊಂಡ್ವಿ. ಇವರು ನೋಡಿದ್ರೆ, ನನ್ನ ಗಾಡಿ ಇರೋವಾಗ ಇನ್ನೊಂದು ತಗೋಳೋದು ಆಗಲ್ಲ ಅಂತಿದಾರೆ. ಇಷ್ಟು ಖಡಕ್ಕಾಗಿ ಇವರು ಮಾತಾಡಿದ್ದು ನಾನು ನೋಡೇ ಇಲ್ಲ."

ಆಗಲಪ್ಪನವರ ಬಾಯಿ ತೆರೆಯಿತು. "ಅಲ್ಲ ಸಾರ್, ನಾನು ಅಂದಿದ್ದು..."

"ಏನೂ ಹೇಳ್ಬೇಡಿ." ಕಾಂಪೌಂಡರು ಔಷಧಿ ಚೀಟಿಯನ್ನು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. "ನಿಮ್ಮ ಮನಸ್ಸಿಗೆ ನೋವು ಮಾಡಿದ್ವಿ. ಇನ್ನು ಬೇರೆ ಗಾಡಿಯ ಮಾತು ನಮ್ಮ ಬಾಯಲ್ಲಿ ಬರಲ್ಲ."

ಮೂವರೂ ಒಬ್ಬೊಬ್ಬರಾಗಿ ಆಗಲಪ್ಪನವರ ಕೈ ಹಿಡಿದು ಅದುಮಿದರು. ಬಾಗಿಲವರೆಗೆ ಹೋಗಿದ್ದ ದರ್ಜಿ ಏನೋ ನೆನಪಾಗಿ ತಿರುಗಿ ಬಂದರು.

"ಸಾರ್, ಚಪ್ಪಲಿ ಅಂಗಡಿಯವರು ಏಳು ಗಂಟೆಗೆ ಅಂಗಡಿ ಮುಚ್ತಾರೆ. ಸ್ಕೂಟರ್ ಬೇಡ ಅಂತ ಅವರಿಗೆ ಹೇಳಿ ಬರ್ಬೇಕು. ನಡ್ಕೊಂಡು ಹೋದ್ರೆ ತಡ ಆಗುತ್ತೆ. ಸ್ವಲ್ಪ ಗಾಡಿ ಕೊಡ್ತೀರಾ?"

ಆಗಲಪ್ಪ ಹೆಂಡತಿಯ ಮುಖ ನೋಡಿದರು. ಅವಳು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದು ದರ್ಜಿಯ ಕೈಗೆ ತಾನೇ ಕೊಟ್ಟಳು. ಮೂವರೂ ಹೊರಗೆ ಹೋದ ಮೇಲೆ ಬಾಗಿಲು ಹಾಕಿದಳು. ಬಾಗಿಲಿಗೆ ಒರಗಿ ನಿಂತು ಗಂಡನನ್ನು ನೋಡಿದಳು.

"ಒತ್ತಕ್ಷರ ತುಂಬಾ ಚೆನ್ನಾಗಿ ಬಂತು," ಎಂದು ಹೇಳಿ ಅಡುಗೆಮನೆಗೆ ಹೋದಳು.